ಕಾರಿನ ತಳದ ತುಕ್ಕು

ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ಕಾಣದವರಿಲ್ಲ. ಮನುಷ್ಯನಿಗೆ ಮುಪ್ಪು ಬರುವಂತೆ ಕಬ್ಬಿಣಕ್ಕೆ ಕಾಲಕ್ರಮದಲ್ಲಿ ತುಕ್ಕು ಬರುವುದೆಂದು ಬಹುಮಂದಿ ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ತುಕ್ಕು ಒಂದು ವಿದ್ಯುತ್‌ಕ್ರಿಯೆ. ಅದು ನಡೆಯಲು ಕೆಲವು ಅನುಕೂಲಗಳು ಬೇಕು. ಅವುಗಳಲ್ಲಿ ಒಂದನ್ನು ತಪ್ಪಿಸಿದರೂ ಅದು ನಿಲ್ಲುತ್ತದೆ. ಇದನ್ನು ಒಂದು ಹಳೆಯ ಕಾರಿನ ನಿದರ್ಶನದಿಂದ ವಿವೇಚಿಸೋಣ.

ಜರ್ಮನಿಯಲ್ಲಿ ಹುಟ್ಟಿದ ಫೋಕ್ಸ್‌ವಾಗನ್ ಬೀಟಲ್ ಕಾರಿನ ತಯಾರಿಕೆ ೨೦೦೩ರಲ್ಲಿ ಮೆಕ್ಸಿಕೋ ದೇಶದಲ್ಲಿ ಕೊನೆಗೊಂಡಿತು. ಅಷ್ಟರೊಳಗೆ ೨ ಕೋಟಿ ೧೫ ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಇಂದಿಗೂ ಅನೇಕ ದೇಶಗಳಲ್ಲಿ ಅಭಿಮಾನಿಗಳು ಇವನ್ನು ಜೋಪಾನ ಮಾಡುತ್ತಿದ್ದಾರೆ. ಈ ಕಾರಿನ ತಳದಲ್ಲಿ ಬೆನ್ನೆಲುಬಿನಂತೆ ನಡುವೆ ಒಂದು ಉಕ್ಕಿನ ಸುರಂಗವೂ ಅದರ ಎರಡು ಪಕ್ಕಗಳಲ್ಲಿ ಸುಮಾರು ೧ ಮಿಲಿಮೀಟರ್ ದಪ್ಪದ ತಗಡುಗಳೂ ಇವೆ. ಮುಂದಿನ ಆಸನಗಳು ನಿಂತಿರುವುದು ಈ ತಗಡುಗಳ ಮೇಲೆಯೇ. ತಗಡು ಸವೆದರೆ ಕಾರಿನ ಅಂದ ಮಾತ್ರವಲ್ಲ, ಕುಳಿತವರ ಪ್ರಾಣವೂ ಅಪಾಯಕ್ಕೀಡಾಗುತ್ತದೆ. ಬ್ಯಾಟರಿಯಿರುವುದು ಹಿಂದಿನ ಆಸನದ ಕೆಳಗೆ, ಬಲಗಡೆಯ ತಗಡಿನ ಮೇಲೆ. ಅದರಿಂದ ಸೋರುವ ಗಂಧಕಾಮ್ಲವು ಬಣ್ಣವನ್ನೂ ಲೋಹವನ್ನೂ ತಿನ್ನುತ್ತದೆ. ಚಳಿನಾಡುಗಳಲ್ಲಿ ಮಂಜುಗಡ್ಡೆ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ಕೆಳಗಿನಿಂದ ಸಿಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಉಪ್ಪನ್ನು ಹೊತ್ತು ತರುವ ಕಡಲಗಾಳಿಯ ಕೆಲಸವೂ ಇದೇ.

ಕೇಂಬ್ರಿಜ್‌ನ ವಿಜ್ಞಾನಿ ಯೂಲಿಕ್ ಇವಾನ್ಸ್ ಅವರು ತುಕ್ಕಿನ ಗುಟ್ಟನ್ನು ಒಂದು ಹನಿ ನೀರಿನಲ್ಲಿ ತೋರಿಸಿಕೊಟ್ಟರು. ಈ ಪ್ರಯೋಗವನ್ನು ನಮ್ಮ ವಿದ್ಯಾರ್ಥಿಗಳೂ ಅಧ್ಯಾಪಕರ ಸಮ್ಮುಖದಲ್ಲಿ ಮಾಡಿ ನೋಡಬಹುದು. ಉಪ್ಪುನೀರಿಗೆ ಸ್ವಲ್ಪ ಪೊಟ್ಯಾಸಿಯಂ ಫೆರಿಸಯನೈಡನ್ನೂ ಫಿನಾಲ್ಫ್‌ಥಲೀನನ್ನೂ ಬೆರೆಸಿ, ಉಜ್ಜಿ ಹೊಳಪಿಸಿದ ಕಬ್ಬಿಣದ ತಗಡಿನ ಮೇಲೆ ಒಂದು ಹನಿಯನ್ನಿಡಬೇಕು. ಕೆಲಹೊತ್ತಿನಲ್ಲಿ ಹನಿಯ ನಡುಭಾಗ ನೀಲಿಯಾಗಿಯೂ ಅಂಚು ಗುಲಾಬಿ ಬಣ್ಣವಾಗಿಯೂ ಕಾಣುತ್ತದೆ. ನೀಲಿಯಿದ್ದಲ್ಲಿ ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತಿದೆ. ಗಾಳಿಯ ಆಮ್ಲಜನಕ ಹೆಚ್ಚಾಗಿ ದೊರೆಯುವ ಅಂಚಿನಲ್ಲಿ ಆ ಎಲೆಕ್ಟ್ರಾನುಗಳು ಆಮ್ಲಜನಕವನ್ನೂ ನೀರನ್ನೂ ಸೇರಿ ಕ್ಷಾರವಾಗುತ್ತಿದೆ. ಎರಡರ ನಡುವೆ ತುಕ್ಕಿನ ಬಳೆ ಮೂಡುತ್ತದೆ. ಹನಿಯೊಂದು ಪುಟ್ಟ ವಿದ್ಯುತ್‌ಕೋಶವಾಯಿತು!

ಇಲ್ಲಿ ಗಮನಿಸಬೇಕಾದುದೇನೆಂದರೆ, ಆಮ್ಲಜನಕ ಕಡಿಮೆಯಿರುವಲ್ಲಿಯೇ ಕಬ್ಬಿಣ ಸವೆಯುತ್ತದೆ. ಆದುದರಿಂದಲೇ ಒದ್ದೆಯಾದ ನೆಲಹಾಸಿನ ಅಡಿ, ತಗಡುಗಳು ಒಂದರ ಮೇಲೊಂದು ಕೂಡುವ ಸಂದು, ಮಣ್ಣು ಮೆತ್ತಿದ ಮೂಲೆ ಮುಂತಾದ ಮರೆಯ ಸ್ಥಳಗಳಲ್ಲಿ ಕಾರು ಮೊದಲು ತೂತಾಗುವುದು.

ಈ ಸವೆತದ ವೇಗವನ್ನು ಫ್ಯಾರಡೆಯ ನಿಯಮದಿಂದ ಗಣಿಸಬಹುದು. ೧ ಆಂಪೇರ್ ಪ್ರವಾಹ ೧ ಗಂಟೆ ಹರಿದರೆ ಸುಮಾರು ೧.೦೪ ಗ್ರಾಂ ಕಬ್ಬಿಣ ಕರಗುತ್ತದೆ. ೧ ಮಿಲಿಮೀಟರ್ ದಪ್ಪದ ತಗಡಿನಲ್ಲಿ ಚದರ ಸೆಂಟಿಮೀಟರಿಗೆ ಇರುವ ಕಬ್ಬಿಣ ಸುಮಾರು ೦.೭೯ ಗ್ರಾಂ. ಅಷ್ಟು ಜಾಗದಲ್ಲಿ ಆಂಪೇರಿನ ಲಕ್ಷದಲ್ಲೊಂದು ಪಾಲು ಪ್ರವಾಹ ಎಡೆಬಿಡದೆ ಹರಿದರೆ, ಒಂಬತ್ತು ವರ್ಷ ತುಂಬುವ ಮೊದಲೇ ತಗಡು ತೂತಾಗುತ್ತದೆ. ಉಪ್ಪು ಬೆರೆತ ನೀರಿನಲ್ಲಿ ಪ್ರವಾಹ ಸುಲಭವಾಗಿ ಹರಿಯುವುದರಿಂದ ಅವಧಿ ಇನ್ನೂ ಮೊಟಕಾಗುತ್ತದೆ.

ಇನ್ನು ಚಿಕಿತ್ಸೆ. ಮೊದಲು ಬ್ಯಾಟರಿಯನ್ನೂ ಆಸನಗಳನ್ನೂ ನೆಲಹಾಸನ್ನೂ ತೆಗೆಯಬೇಕು. ಆಮ್ಲ ಚೆಲ್ಲಿದ ಜಾಗವನ್ನು ಅಡಿಗೆ ಸೋಡದ ನೀರಿನಿಂದ ತೊಳೆದು ಒಣಗಿಸಬೇಕು. ಅನಂತರ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ತಗಡು ಖಣಿಲೆನ್ನುತ್ತದೆ, ಕೊಳೆತ ತಗಡು ಮಂಕಾದ ಸದ್ದು ಮಾಡುತ್ತದೆ. ಮೇಲ್ಮೈಯ ತುಕ್ಕನ್ನು ತಂತಿಯ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಕುಳಿಗಳಲ್ಲಿ ಉಳಿದುದಕ್ಕೆ ಫಾಸ್ಫಾರಿಕ್ ಆಮ್ಲವನ್ನು ಹಚ್ಚಿದರೆ ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ಕೈಗವಸು, ಕನ್ನಡಕಗಳಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ತೂತಾದ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು ಹೊಸದನ್ನು ಬೆಸೆಯುವುದೊಂದೇ ದಾರಿ. ತುಕ್ಕಿನ ಮೇಲೆಯೇ ತೇಪೆ ಹಾಕಿದರೆ ನೀರು ನಿಲ್ಲಲು ಹೊಸ ಸಂದನ್ನು ನಾವೇ ಕಟ್ಟಿಕೊಟ್ಟಂತಾಗುತ್ತದೆ. ಬೀಟಲ್‌ನಲ್ಲಿ ಪೆಟ್ರೋಲಿನ ಕೊಳವೆ ನಡುವಿನ ಸುರಂಗದೊಳಗೆ ಹಾದುಹೋಗುವುದರಿಂದ ಬೆಸುಗೆಯನ್ನು ನುರಿತವರಿಗೇ ಒಪ್ಪಿಸುವುದು ಕ್ಷೇಮ.

ಶುಚಿಯಾದ ಲೋಹಕ್ಕೆ ಮೊದಲು ಸತುವಿನ ಪುಡಿ ತುಂಬಿದ ಬಣ್ಣವನ್ನು ಬಳಿಯುವುದುಂಟು. ಸತುವು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನುಗಳನ್ನು ಕೊಡುತ್ತದೆ. ಬಣ್ಣ ಗೀಚಿಹೋದರೂ ತಾನು ಸವೆದು ಕಬ್ಬಿಣವನ್ನುಳಿಸುತ್ತದೆ. ಹಂಫ್ರಿ ಡೇವಿ ೧೮೨೪ರಲ್ಲಿ ಹಡಗಿನ ತಾಮ್ರದ ಹೊದಿಕೆಯನ್ನು ಕಾಪಾಡಲು ಸೂಚಿಸಿದ ಉಪಾಯವೂ ಇದೇ ತತ್ತ್ವದ್ದು. ಆಮೇಲೆ ಸಂದುಗಳನ್ನು ಅಂಟಿನಿಂದ ಮುಚ್ಚಿ, ಮೇಲುಬಣ್ಣ ಬಳಿದು, ಟೊಳ್ಳುಗಳಿಗೆ ಕರಗಿಸಿದ ಮೇಣವನ್ನು ಸಿಂಪಡಿಸಬೇಕು.

ಇಷ್ಟಾದ ಮೇಲೂ ಮಳೆಗಾಲ ಕಳೆದೊಡನೆ ನೆಲಹಾಸನ್ನೆತ್ತಿ ನೋಡುವ ಅಭ್ಯಾಸವಿರಲಿ. ನೀರು, ಆಮ್ಲಜನಕ, ಲೋಹ ಈ ಮೂರೂ ಕೂಡಿದಲ್ಲಿ ತುಕ್ಕಿನ ಕೋಶ ಮತ್ತೆ ಮೊದಲಾಗುತ್ತದೆ. ಕಾರಿಗೆ ಸಲ್ಲುವ ಈ ಮಾತು ಮನೆಯ ಕಿಟಕಿಯ ಸರಳಿಗೂ ಬೈಸಿಕಲ್ಲಿಗೂ ಸಲ್ಲುತ್ತದೆ.