ಕಾಫಿ ಮಷಿನ್ ತಂದವಳು ನಾನೇ

ಕೆಲಸಕ್ಕೆ ಸೇರಿ ಹದಿನೇಳು ದಿನವಾಗಿತ್ತಷ್ಟೆ. ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಫ್ಯಾಕ್ಟರಿಯೊಂದರಲ್ಲಿ ಅಡ್ಮಿನ್ ಅಸಿಸ್ಟೆಂಟ್. ಮ್ಯಾನೇಜರ್ ಕರೆದು, ‘ನಿಮ್ಮದು ಕಾಫಿ ಸೀಮೆ ಅಲ್ವಾ? ಒಂದು ಒಳ್ಳೆ ಕಾಫಿ ಮಷಿನ್ ನೋಡಿ. ಮೂರು ಕೊಟೇಶನ್ ಬೇಕು, ಹದಿನೈದು ದಿನ ಟೈಮ್’ ಎಂದರು. ಕೊಪ್ಪದ ಹತ್ತಿರ ನಮಗೆ ಎರಡೂವರೆ ಎಕರೆ ತೋಟ ಇರುವುದು ನಿಜ. ಆದರೆ ನಮ್ಮನೆಯಲ್ಲಿ ಕಾಫಿ ಎಂದರೆ ಕುದಿಯುವ ನೀರಿಗೆ ಬೆಲ್ಲ, ಪುಡಿ ಹಾಕಿ ಬಟ್ಟೆಯಲ್ಲಿ ಸೋಸುವುದು. ಮಷಿನ್ ಕಾಫಿಯನ್ನು ನಾನು ಕುಡಿದದ್ದು ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ, ಅದೂ ಎರಡು ಸಲ. ಪ್ರೊಬೇಷನ್‌ನಲ್ಲಿರುವವಳು ಇದನ್ನೆಲ್ಲ ಬಾಯಿಬಿಡುತ್ತಾಳೆಯೇ? ‘ಆಯ್ತು ಸರ್’ ಎಂದೆ.

ಅಲ್ಲಿಯವರೆಗೆ ಹೌಸ್‌ಕೀಪಿಂಗ್‌ನ ಅಕ್ಕ ಒಬ್ಬರು 70 ಜನಕ್ಕೂ ಕಾಫಿ, ಟೀ ಮಾಡುತ್ತಿದ್ದರು. ಸಂಜೆ ಆರಕ್ಕೆ ಹೊರಡುವ ಮುನ್ನ ದೊಡ್ಡ ಫ್ಲಾಸ್ಕ್ ತುಂಬಿಸಿಡುವರು. ರಾತ್ರಿ ಪಾಳಿಯ 22 ಜನ ಅದನ್ನೇ ಬೆಳಗಿನ ಜಾವ ಮೂರಕ್ಕೆ ಕುಡಿಯಬೇಕು. ಆ ಹೊತ್ತಿಗೆ ಅದು ಉಗುರುಬೆಚ್ಚಗೂ ಇರುವುದಿಲ್ಲ. ಪ್ರೆಸ್ ಮಷಿನ್ ಎದುರು ನಿಂತವನಿಗೆ ಮೂರು ಗಂಟೆಗೆ ತೂಕಡಿಕೆ ಬಂದರೆ ಹೋಗುವುದು ಬೆರಳು. ಅಂಥದ್ದೊಂದು ಘಟನೆ ಕೂದಲೆಳೆಯಲ್ಲಿ ತಪ್ಪಿದ ಮೇಲೆಯೇ ಈ ಮಷಿನ್ ಮಾತು ಎದ್ದದ್ದು ಎಂದು ಆಮೇಲೆ ತಿಳಿಯಿತು.

ಮೂರು ಬಗೆಯ ಮಷಿನ್ ನೋಡಿದೆ. ಬೀಜವನ್ನು ಅಲ್ಲೇ ಪುಡಿಮಾಡಿ ಕಾಫಿ ಇಳಿಸುವ ಮಷಿನ್ ಘಮ್ಮೆನ್ನುತ್ತಿತ್ತು. ಬೆಲೆ ಮಾತ್ರ ನನ್ನ ವರ್ಷದ ಸಂಬಳ. ಎರಡನೆಯದು ತಾಜಾ ಹಾಲಿನದು. ರುಚಿ ಚೆನ್ನ, ಆದರೆ ಹಾಲಿನ ಪೈಪನ್ನು ದಿನವೂ ತೊಳೆಯದಿದ್ದರೆ ಹುಳಿ ವಾಸನೆ. ಮೂರನೆಯದು ಪ್ರೀಮಿಕ್ಸ್. ಡಬ್ಬಿಯಲ್ಲಿ ಪುಡಿ, ಟ್ಯಾಂಕಿನಲ್ಲಿ ಬಿಸಿನೀರು, ಗುಂಡಿ ಒತ್ತಿದರೆ ಎರಡನ್ನೂ ಕಲಸಿ ಕಪ್ಪಿಗೆ ಬಿಡುತ್ತದೆ.

ಸ್ಯಾಂಪಲ್ ಪ್ಯಾಕೆಟ್ ಹಿಂದೆ ತಿರುಗಿಸಿ ಓದಿದೆ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದನ್ನೇ ಮೊದಲು ಬರೆಯಬೇಕೆಂಬ ನಿಯಮವಿದೆ. ಮೊದಲು ಸಕ್ಕರೆ, ಆಮೇಲೆ ಹಾಲಿನ ಪುಡಿ, ಮೂರನೆಯದಾಗಿ ಇನ್‌ಸ್ಟಂಟ್ ಕಾಫಿ-ಚಿಕೋರಿ ಮಿಶ್ರಣ. ಆ ಮಿಶ್ರಣದಲ್ಲೂ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು ಎಂದಷ್ಟೇ ಕಾನೂನು. ಜನವರಿ ಚಳಿಯಲ್ಲಿ ಅಪ್ಪ-ಅಮ್ಮ ಹಣ್ಣು ಬಿಡಿಸುವುದು, ಕಣದಲ್ಲಿ ಹರವುವುದು, ಮೋಡ ಕಂಡರೆ ಓಡಿಹೋಗಿ ಟಾರ್ಪಾಲ್ ಮುಚ್ಚುವುದು, ಎಲ್ಲ ನೆನಪಾಗಿ ಸ್ವಲ್ಪ ಹೊಟ್ಟೆ ಉರಿಯಿತು. ಇರಲಿ, ರಾತ್ರಿ ಪಾಳಿಗೆ ಬೇಕಿದ್ದುದು ಬಿಸಿ ಕಪ್ಪು.

ನಾನು ಎಡವಿದ್ದು ರುಚಿಯಲ್ಲಲ್ಲ, ಲೆಕ್ಕದಲ್ಲಿ. ಬಿ.ಕಾಂ.ನಲ್ಲಿ ಕಾಸ್ಟ್ ಅಕೌಂಟಿಂಗ್ ನನ್ನ ಮೆಚ್ಚಿನ ವಿಷಯ ಎನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಒಬ್ಬ ಸರಬರಾಜುದಾರ ‘ಮಷಿನ್ ಫ್ರೀ, ಪುಡಿ ಮಾತ್ರ ನಮ್ಮಲ್ಲೇ ತಗೊಳ್ಳಿ’ ಎಂದ. ಕಪ್ಪಿಗೆ 14 ಗ್ರಾಂ, ಕೆ.ಜಿ.ಗೆ ಸುಮಾರು 71 ಕಪ್. 70 ಜನ, ದಿನಕ್ಕೆ ಎರಡು ಕಪ್, 26 ದಿನ. ತಿಂಗಳಿಗೆ 51 ಕೆ.ಜಿ. ಎಂದಿತು ಎಕ್ಸೆಲ್. ಕರಾರಿನ ಮೂರನೇ ಪುಟದಲ್ಲಿ ತಿಂಗಳಿಗೆ ಕನಿಷ್ಠ 40 ಕೆ.ಜಿ. ಕೊಳ್ಳಲೇಬೇಕು, ಹನ್ನೆರಡು ತಿಂಗಳು ಎಂದಿತ್ತು. 51 ಬೇಕಿರುವಾಗ 40ಕ್ಕೇನು ಭಯ? (ನಿಮ್ಮ ಕೈಗೂ ಇಂಥ ಕರಾರು ಬಂದರೆ ಮೊದಲು ಮೂರನೇ ಪುಟವನ್ನೇ ತೆರೆಯಿರಿ.)

ಮೊದಲ ತಿಂಗಳು ಹೊಸತರ ಉಮೇದು, 38 ಕೆ.ಜಿ. ಖಾಲಿ. ಎರಡನೇ ತಿಂಗಳು 19. ಹಗಲಿನವರು ಅಕ್ಕನ ಫಿಲ್ಟರ್ ಕಾಫಿಗೇ ವಾಪಸಾಗಿದ್ದರು. ಸಕ್ಕರೆ ಕಾಯಿಲೆ ಇದ್ದ ಹಿರಿಯ ಕೆಲಸಗಾರರಂತೂ ಮಷಿನ್ ಹತ್ತಿರ ಸುಳಿಯುತ್ತಿರಲಿಲ್ಲ. ಮೂರನೇ ತಿಂಗಳ ಲೋಡ್ ಬಂದಾಗ ಸ್ಟೋರ್ ರೂಮಿನಲ್ಲಿ 60 ಕೆ.ಜಿ.ಗೂ ಹೆಚ್ಚು ಪುಡಿ ಇತ್ತು. ಜುಲೈ ಮಳೆ ಬೇರೆ. ತೇವಕ್ಕೆ ಪುಡಿ ಗಂಟುಕಟ್ಟಿ ಮಷಿನ್ ಜಾಮ್. ಬೋರ್‌ವೆಲ್‌ನ ಗಡಸು ನೀರಿಗೆ ಹೀಟರ್ ಮೇಲೆ ಬಿಳಿ ಪೊರೆ. ಅದು ವಾರಂಟಿಯಲ್ಲಿ ಬರುವುದಿಲ್ಲ ಎಂದ ಮೆಕ್ಯಾನಿಕ್. ರಾತ್ರಿಯವರು ಮತ್ತೆ ಫ್ಲಾಸ್ಕ್‌ಗೆ.

ಮಷಿನ್ ಇಳಿಸಿದ ದಿನವೇ ಅಕ್ಕ, ‘ಇದನ್ನ ತೊಳೆಯೋರು ಯಾರಮ್ಮ?’ ಎಂದಿದ್ದರು. ಮೂವರು ಸೇಲ್ಸ್‌ನವರ ಜೊತೆ ಗಂಟೆಗಟ್ಟಲೆ ಮಾತಾಡಿದ ನಾನು, ಹತ್ತು ಹೆಜ್ಜೆ ದೂರದ ಪ್ಯಾಂಟ್ರಿಗೆ ಹೋಗಿ ಅವರನ್ನು ಒಂದು ಮಾತು ಕೇಳಿರಲಿಲ್ಲ. ಮರೆವಲ್ಲ. ಕೇಳಿದರೆ ‘ನನ್ನ ಕೆಲಸ ಹೋಗುತ್ತಾ?’ ಎಂದುಬಿಡುತ್ತಾರೆ ಎಂಬ ಹೆದರಿಕೆ. ಅದಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ.

ಕೊನೆಗೆ ಲೆಕ್ಕದ ಹಾಳೆ ಹಿಡಿದು ಮ್ಯಾನೇಜರ್ ಮುಂದೆ ನಿಂತೆ. ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದೆ. ಅವರು ಹಾಳೆಯನ್ನು ಎರಡು ಸಲ ನೋಡಿ, ‘ಸಹಿ ಹಾಕಿದ್ದು ನಾನೂ ಹೌದಲ್ಲ. ಈಗ ಏನು ಮಾಡ್ತೀರಿ, ಅದು ಹೇಳಿ’ ಎಂದರು.

ಆವತ್ತು ಸಂಜೆ ಪ್ಯಾಂಟ್ರಿಯಲ್ಲಿ ಕೂತು ಅಕ್ಕನ ಜೊತೆ ಹೊಸ ಲೆಕ್ಕ ಹಾಕಿದೆ. ಯಾರಿಗೆ ಸಕ್ಕರೆ ಬೇಡ, ಯಾರು ಟೀ ಮಾತ್ರ ಕುಡಿಯುವವರು, ರಾತ್ರಿ ಯಾರಿಗೆ ಎಷ್ಟು ಕಪ್ ಬೇಕು, ಎಲ್ಲವೂ ಅವರ ನಾಲಗೆ ತುದಿಯಲ್ಲಿತ್ತು. ಸರಬರಾಜುದಾರನೊಡನೆ ಒಂದು ವಾರ ಜಗ್ಗಾಡಿದ್ದಾಯಿತು. ಕರಾರು ಆರು ತಿಂಗಳು ಮುಂದಕ್ಕೆ, ಬದಲಿಗೆ ಕನಿಷ್ಠ ಕೊಳ್ಳುವಿಕೆ 20 ಕೆ.ಜಿ.ಗೆ ಇಳಿಕೆ. ಒಡೆಯದ ಪ್ಯಾಕೆಟ್‌ಗಳಲ್ಲಿ ಅರ್ಧದಷ್ಟಕ್ಕೆ ಸಕ್ಕರೆರಹಿತ ಕಾಫಿ ಮತ್ತು ಟೀ ಪುಡಿ ಬದಲಿ. ಬೋರ್‌ವೆಲ್ ನೀರು ಬಂದ್, ಈಗ ಕ್ಯಾನ್ ನೀರು. ಬೆಳಗ್ಗೆ ಆರಕ್ಕೆ ರಾತ್ರಿ ಪಾಳಿಯ ಸೂಪರ್‌ವೈಸರ್ ಬಿಸಿನೀರು ಹಾಯಿಸಿ ಹೊರಡುತ್ತಾರೆ, ಏಳಕ್ಕೆ ಅಕ್ಕ ಕಲಸುವ ಬಟ್ಟಲು ಬಿಚ್ಚಿ ತೊಳೆಯುತ್ತಾರೆ. ಹಗಲಿನ ಕಾಫಿ ಈಗಲೂ ಅವರದೇ. ನನ್ನ ಕನ್‌ಫರ್ಮೇಷನ್ ಪತ್ರ ಎರಡು ತಿಂಗಳು ತಡವಾಗಿ ಬಂತು. ಅದಕ್ಕೂ ಮಷಿನ್‌ಗೂ ಸಂಬಂಧ ಇದೆಯೇ ಎಂದು ನಾನು ಕೇಳಲು ಹೋಗಲಿಲ್ಲ.

ಕಳೆದ ತಿಂಗಳು ಅಪ್ಪ ಕಣ್ಣು ತೋರಿಸಲು ಬೆಂಗಳೂರಿಗೆ ಬಂದಿದ್ದರು. ಆಫೀಸಿಗೆ ಕರೆತಂದು ಮಷಿನ್‌ನಿಂದಲೇ ಒಂದು ಕಪ್ ಹಿಡಿದುಕೊಟ್ಟೆ. ಇನ್‌ಸ್ಟಂಟ್ ಕಾಫಿಗೆ ಹೆಚ್ಚಾಗಿ ಹೋಗುವುದು ರೋಬಸ್ಟಾ ಎಂದು ಅವರಿಗೆ ಗೊತ್ತು. ಒಂದು ಗುಟುಕು ಕುಡಿದು, ‘ಇದರಲ್ಲಿ ನಮ್ಮ ಬೀಜ ಇರಬಹುದೇನೆ?’ ಎಂದರು.

‘ಇರಬಹುದು ಅಪ್ಪ, ಸ್ವಲ್ಪ.’

‘ಸ್ವಲ್ಪವೇ’ ಎಂದವರು ಉಳಿದದ್ದನ್ನೂ ಕುಡಿದು, ಕಪ್ ಎಲ್ಲಿ ಹಾಕಲಿ ಎಂದು ಕೇಳಿದರು.