ಒಲೆಗೆ ಯೋಗ್ಯವಲ್ಲದ ಮರ

ಶಂಕರಪುರದ ಬೀದಿಗಳಲ್ಲಿ, ಶಂಕರಮಠದ ಸುತ್ತಣ ಅಡ್ಡರಸ್ತೆಗಳಿಂದ ಮೊದಲ್ಗೊಂಡು ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರವಿರುವ ಪಂಪ ಮಹಾಕವಿ ರಸ್ತೆಯವರೆಗೆ, ಹಳೆಯ ಮನೆಗಳು ಒಂದರ ಹಿಂದೊಂದು ನೆಲಕ್ಕಿಳಿದು ಅವುಗಳ ಸ್ಥಾನದಲ್ಲಿ ಬಹುಮಹಡಿಯ ಕಟ್ಟಡಗಳು ಏಳುತ್ತಿರುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಇಂಥ ಮನೆಯೊಂದನ್ನು ಕೆಡವಿದಾಗ ಅದರ ತೇಗದ ಕಂಬ, ಕೆತ್ತನೆಯ ಬಾಗಿಲು, ಮದರಾಸು ತಾರಸಿಯ ಗಟ್ಟಿಯಾದ ತೊಲೆಗಳನ್ನು ಹಳೆಯ ಮರದ ವ್ಯಾಪಾರಿಗಳು ಬೆಲೆ ಕಟ್ಟಿ ಕೊಂಡೊಯ್ಯುತ್ತಾರೆ. ಯಾರಿಗೂ ಬೇಡವಾಗಿ ಉಳಿದ ಒಡಕು ಚೌಕಟ್ಟು, ಬಣ್ಣ ಸುಲಿದ ಕಿಟಕಿಯ ಕದ, ಕಪಾಟಿನ ಪ್ಲೈವುಡ್ ಚೂರು, ಅಟ್ಟದ ಹಲಗೆ ಇವೆಲ್ಲವೂ ಸೌದೆಯೆಂಬ ಒಂದೇ ಹೆಸರನ್ನು ಪಡೆದು ಒಲೆಯ ದಾರಿ ಹಿಡಿಯುತ್ತವೆ. ಬಚ್ಚಲುಮನೆಯ ಹಂಡೆಯ ಒಲೆಯನ್ನು ಇನ್ನೂ ಉಳಿಸಿಕೊಂಡಿರುವ ಕೆಲವು ಹಳೆಯ ಮನೆಗಳಿಗೆ, ಕಟ್ಟಡದ ಅಂಗಳದಲ್ಲಿಯೇ ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳುವ ಕೂಲಿಕಾರರಿಗೆ, ಮಾರ್ಗಶಿರದ ಚಳಿಯಲ್ಲಿ ರಾತ್ರಿಯಿಡೀ ಕಾವಲಿರುವ ವಾಚ್‌ಮನ್ನನಿಗೆ ಈ ಮರ ಬಿಟ್ಟಿಯಾಗಿ ದೊರೆತ ಭಾಗ್ಯವೆಂದೇ ತೋರುತ್ತದೆ. ಒಣಗಿದೆ, ಬೇಗ ಹೊತ್ತಿಕೊಳ್ಳುತ್ತದೆ, ಕಾಸು ಕೊಡಬೇಕಾಗಿಲ್ಲ. ಇಷ್ಟು ಅನುಕೂಲವಿರುವ ಇಂಧನದಲ್ಲಿ ದೋಷವೇನಿದ್ದೀತು ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಸ್ಪಷ್ಟವಾದ ಉತ್ತರವನ್ನು ತಿಳಿದುಕೊಳ್ಳುವುದು ಅವಶ್ಯವಾದುದು.

ಉರಿಸುವ ಮರದ ವಿಷಯದಲ್ಲಿ ವಿವೇಚನೆ ನಮಗೆ ಹೊಸತಲ್ಲ. ನವಗ್ರಹಹೋಮಕ್ಕೆ ಎಕ್ಕ, ಮುತ್ತುಗ, ಕಗ್ಗಲಿ, ಉತ್ತರಣೆ, ಅರಳಿ, ಅತ್ತಿ, ಬನ್ನಿ, ಗರಿಕೆ, ದರ್ಭೆ ಎಂದು ಒಂದೊಂದು ಗ್ರಹಕ್ಕೆ ಒಂದೊಂದು ಸಮಿತ್ತನ್ನು ಗೊತ್ತುಮಾಡಿದ ಜನ ನಾವು. ಅಡುಗೆಯ ಒಲೆಗಾದರೂ ಸೌದೆ ಡಿಪೋದಿಂದ ಸರ್ವೆಯ ಸೀಳನ್ನೋ ನೀಲಗಿರಿಯ ತುಂಡನ್ನೋ ತೂಗಿಸಿ ತರುತ್ತಿದ್ದ ಗೃಹಸ್ಥನಿಗೆ ತಾನು ಉರಿಸುತ್ತಿರುವುದು ಯಾವ ಮರವೆಂಬುದು ತಿಳಿದಿತ್ತು. ಇಂದಿನ ಕಷ್ಟವು ಈ ತಿಳಿವಳಿಕೆ ತಪ್ಪಿಹೋದುದರಲ್ಲಿದೆ. ಕಟ್ಟಡದಿಂದ ಬಂದ ಮರವು ಕಾಡಿನಿಂದ ಬಂದ ಮರವಲ್ಲ. ನಡುವೆ ಅದು ಬಡಗಿಯ, ಬಣ್ಣದವನ, ಗೆದ್ದಲಿನ ಔಷಧ ಹೊಡೆಯುವವನ, ಕಾರ್ಖಾನೆಯ ರಸಾಯನಜ್ಞನ ಕೈಗಳನ್ನು ಹಾದು ಬಂದಿರುತ್ತದೆ, ಮತ್ತು ಆ ಪ್ರತಿಯೊಂದು ಕೈಯೂ ತನ್ನದೊಂದು ದ್ರವ್ಯವನ್ನು ಅದರಲ್ಲಿ ಬಿಟ್ಟುಹೋಗಿರುತ್ತದೆ.

ಶುದ್ಧವಾದ ಒಣಮರ ಚೆನ್ನಾಗಿ ಉರಿದಾಗ ಅದರ ಬಹುಭಾಗವು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾವಿಯಾಗಿ ಹೊರಟುಹೋಗಿ, ನೂರು ಕಿಲೋ ಸೌದೆಗೆ ಹೆಚ್ಚುಕಡಮೆ ಒಂದು ಕಿಲೋ ಬೂದಿ ಉಳಿಯುತ್ತದೆ. ಈ ಹೊಗೆಯೂ ನಿರಪಾಯಕರವೇನಲ್ಲ. ಮನೆಯೊಳಗೆ ಉರಿಸುವ ಸೌದೆ, ಬೆರಣಿ, ಕಲ್ಲಿದ್ದಲು ಮೊದಲಾದ ಇಂಧನಗಳ ಹೊಗೆಯಿಂದ 2020ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಅಕಾಲಮರಣಕ್ಕೆ ಈಡಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಆದರೆ ಸಂಸ್ಕರಿಸಿದ ಮರದ ಮಾತು ಇದಕ್ಕಿಂತ ಭಿನ್ನವಾದುದು. ಬೆಂಕಿಗೆ ಬಿದ್ದದ್ದೆಲ್ಲ ಶುದ್ಧವಾಗುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರೋಗಾಣುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಅಗ್ನಿಯು ಸಂಯುಕ್ತಗಳನ್ನು ಒಡೆಯಬಲ್ಲುದೇ ಹೊರತು ಮೂಲವಸ್ತುಗಳನ್ನು ಇಲ್ಲವಾಗಿಸಲಾರದು. ಸೀಸವು ಸೀಸವಾಗಿಯೇ, ಆರ್ಸೆನಿಕ್ ಆರ್ಸೆನಿಕ್ಕಾಗಿಯೇ, ಕ್ರೋಮಿಯಂ ಕ್ರೋಮಿಯಮ್ಮಾಗಿಯೇ ಉಳಿದು, ಒಂದಿಷ್ಟು ಹೊಗೆಯನ್ನೇರಿ ಗಾಳಿಗೂ ಮಿಕ್ಕದ್ದು ತಳದ ಬೂದಿಗೂ ಸೇರುತ್ತವೆ. ಮರದ ಮೈಯಲ್ಲಿ ಬಂದಿಯಾಗಿದ್ದ ವಿಷಕ್ಕೆ ನಾವೇ ಬಿಡುಗಡೆ ಕೊಟ್ಟಂತಾಗುತ್ತದೆ.

ಮರಕ್ಕೆ ವಿಷವನ್ನು ಉಣ್ಣಿಸಿದ್ದಾದರೂ ಏಕೆಂದು ಕೇಳಿದರೆ, ಅದರ ಹಿಂದೆ ಗೌರವಕ್ಕೆ ಅರ್ಹವಾದ ಒಂದು ಕಥೆಯಿದೆ. ಗೆದ್ದಲು, ಕುಟ್ಟೆ, ಬೂಷ್ಟು ಇವುಗಳಿಂದ ನಮ್ಮ ದೇಶದಲ್ಲಿ ನಾಶವಾಗುತ್ತಿದ್ದ ಮರಕ್ಕೆ ಲೆಕ್ಕವಿಲ್ಲ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶನ್ ಎಂಬ ಭಾರತೀಯ ವಿಜ್ಞಾನಿ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಈ ಮೂರರ ಲವಣಗಳನ್ನು ಬೆರೆಸಿ, ಮಳೆಯಲ್ಲಿ ನೆನೆದರೂ ಸುಲಭವಾಗಿ ತೊಳೆದುಹೋಗದಂಥ ರಕ್ಷಕದ್ರವವೊಂದನ್ನು ಕಂಡುಹಿಡಿದನು. ‘ಆಸ್ಕು’ ಎಂಬ ಹೆಸರಿನ ಆ ದ್ರವವು ಲೋಕದಾದ್ಯಂತ ವಿದ್ಯುತ್ ಕಂಬಗಳಿಗೂ ಸೇತುವೆಯ ಮರಗಳಿಗೂ ಬಳಕೆಯಾಗಿ, ಅಲ್ಪಾಯುವಾದ ಮರಕ್ಕೆ ದಶಕಗಳ ಬಾಳ್ವೆಯನ್ನು ಕೊಟ್ಟಿತು. ಮರದ ಸಂರಕ್ಷಣೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 401ರಲ್ಲಿಯೂ ಸ್ಥಾನ ಪಡೆಯಿತು. ನಮ್ಮ ಮಲ್ಲೇಶ್ವರದಲ್ಲಿಯೇ, 1938ರಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿದ ಅರಣ್ಯ ಪ್ರಯೋಗಾಲಯದ ಪರಂಪರೆಯನ್ನು ಮುಂದುವರಿಸಿಕೊಂಡು ಬಂದಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು, ಮರವನ್ನು ಕೀಟಗಳಿಂದಲೂ ನೀರಿನಿಂದಲೂ ಕಾಪಾಡುವ ಬಗೆಗಳನ್ನು ಅಭ್ಯಾಸ ಮಾಡುತ್ತದೆ. ಮರ ಹೆಚ್ಚುಕಾಲ ಬಾಳಿದರೆ ಕಾಡು ಕಡಮೆ ಕಡಿಯಲ್ಪಡುತ್ತದೆ; ಆದುದರಿಂದ ಈ ವಿದ್ಯೆ ಉಪಕಾರಕವಾದುದೇ. ಗೆದ್ದಲನ್ನು ಕೊಲ್ಲಬಲ್ಲ ದ್ರವ್ಯವು ಮನುಷ್ಯನನ್ನು ಬಿಡಲಾರದೆಂಬ ಎಚ್ಚರ ಮಾತ್ರ ಅದರ ಜತೆಯಲ್ಲಿಯೇ ಇರಬೇಕಾಗಿತ್ತು.

ಆ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಿದರ್ಶನವಾದ, ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಹಳ್ಳಿಗಾಡಿನ ಒಂದು ಕುಟುಂಬದ ಪಾಡನ್ನು ಅಲ್ಲಿನ ವೈದ್ಯಪತ್ರಿಕೆಯು 1984ರಲ್ಲಿ ವರ್ಣಿಸಿದೆ. ಎಂಟು ಜನರ ಆ ಮನೆಯಲ್ಲಿ ವರ್ಷವರ್ಷವೂ ಚಳಿಗಾಲ ಬಂದೊಡನೆ ಮೈಮೇಲೆ ದದ್ದು, ಮೂಗಿನಲ್ಲಿ ರಕ್ತ, ತಲೆಕೂದಲು ಉದುರುವಿಕೆ, ಸೆಳವು ಮೊದಲಾದ ಉಪದ್ರವಗಳು ಕಾಣಿಸಿಕೊಂಡು, ಬೇಸಗೆ ಬಂದೊಡನೆ ಶಮನವಾಗುತ್ತಿದ್ದುವು. ಕಾರಣ ತಿಳಿಯದೆ ಮೂರು ವರ್ಷ ಕಳೆದ ಮೇಲೆ, ಮನೆಯನ್ನು ಬೆಚ್ಚಗಿಡಲು ಅವರು ಒಲೆಯಲ್ಲಿ ಉರಿಸುತ್ತಿದ್ದುದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ಕುಗಳಿಂದ ಸಂಸ್ಕರಿಸಿದ ಪ್ಲೈವುಡ್ ಚೂರುಗಳನ್ನೆಂಬುದು ಗೊತ್ತಾಯಿತು. ಪಾಷಾಣವೆಂದು ನಮ್ಮ ಹಿರಿಯರು ಹೆದರುತ್ತಿದ್ದ ವಸ್ತುವನ್ನು ಆ ತಾಯಿತಂದೆಗಳು, ತಮ್ಮ ಮಕ್ಕಳಿಗೆ ಬೆಚ್ಚನೆಯ ಮನೆಯನ್ನು ಕೊಡುವೆವೆಂಬ ವಾತ್ಸಲ್ಯದಿಂದಲೇ, ದಿನವೂ ಗಾಳಿಗೆ ಬಿಡುತ್ತಿದ್ದರು. ಅಮೆರಿಕದಲ್ಲಿ 2003ರ ಕೊನೆಗೆ ವಾಸಗೃಹಗಳ ಉಪಯೋಗಕ್ಕೆ ಈ ಸಂಸ್ಕಾರವನ್ನು ಕೊಡುವುದು ನಿಂತಿತು. ಹಿಂದೆ ಸಂಸ್ಕರಿಸಿದ ಮರ ಮಾತ್ರ ಇಂದಿಗೂ ಅಲ್ಲಲ್ಲಿ ನಿಂತೇ ಇದೆ.

ನಮ್ಮ ಹಳೆಯ ಬಡಾವಣೆಗಳಲ್ಲಿ ಇದಕ್ಕಿಂತಲೂ ಸಮೀಪದ ಅಪಾಯವೆಂದರೆ ಬಣ್ಣದಲ್ಲಿರುವ ಸೀಸ. ಚಾಮರಾಜಪೇಟೆ, ಬಸವನಗುಡಿ, ಶಂಕರಪುರಗಳ ಹಳೆಯ ಮನೆಯ ಕಿಟಕಿಯೊಂದನ್ನು ಕೆರೆದು ನೋಡಿದರೆ, ಹಬ್ಬಕ್ಕೊಮ್ಮೆ ಮದುವೆಗೊಮ್ಮೆ ಬಳಿದ ಎಣ್ಣೆಬಣ್ಣ ಪದರಪದರವಾಗಿ ಕಾಣಿಸುತ್ತದೆ. ಹಿಂದಿನ ಬಿಳಿ, ಹಳದಿ, ಹಸುರು, ಕೆಂಪು ಬಣ್ಣಗಳಲ್ಲಿ ಸೀಸದ ಸಂಯುಕ್ತಗಳು ಸರ್ವಸಾಮಾನ್ಯವಾಗಿದ್ದುವು. 1999ರ ಫೆಬ್ರುವರಿಯಲ್ಲಿ ಸೀಸದ ವಿಷಬಾಧೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಆ ಕಾಲಕ್ಕೆ ನಡೆದ ರಕ್ತಪರೀಕ್ಷೆಯಲ್ಲಿ, ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸವು ಅಂದಿನ ಮಿತಿಯಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯದಲ್ಲಿ ಜನರನ್ನೂ ಸರ್ಕಾರವನ್ನೂ ಎಚ್ಚರಿಸುವುದಕ್ಕೆ ದೀರ್ಘಕಾಲ ಶ್ರಮಿಸಿದ್ದಾರೆ. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೊರಟುಹೋಯಿತು. ಮನೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಕೂಡದೆಂಬ ಕೇಂದ್ರಸರ್ಕಾರದ ನಿಯಮವಾದರೋ 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಅದಕ್ಕಿಂತ ಹಿಂದೆ ಬಣ್ಣ ಕಂಡ ಬಾಗಿಲು ಕಿಟಕಿಗಳೆಲ್ಲವೂ ಸಂದೇಹಕ್ಕೆ ಪಾತ್ರವಾದುವೇ. ಇಂಥ ಮರ ಉರಿದಾಗ ಸೀಸವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಧೂಳಾಗಿ ಉಸಿರನ್ನು ಸೇರುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ಮಕ್ಕಳ ದೇಹ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದು ಮಾಡಿದ ಹಾನಿಯನ್ನು ಮುಂದೆ ಯಾವ ವೈದ್ಯನೂ ಪೂರ್ಣವಾಗಿ ಸರಿಪಡಿಸಲಾರನು. 1932ರ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಬಡವರು, ಕೊಳ್ಳಲು ಇಂಧನವಿಲ್ಲದೆ ಹಳೆಯ ಬ್ಯಾಟರಿಗಳ ಪೆಟ್ಟಿಗೆಗಳನ್ನು ಉರಿಸಿ, ತಮ್ಮ ಮಕ್ಕಳನ್ನು ಸೀಸದ ವಿಷಕ್ಕೆ ಒಡ್ಡಿದರು. ಬಿಟ್ಟಿ ಸೌದೆಯ ಬೆಲೆಯನ್ನು ತೆರುವವರು ಯಾವ ಊರಿನಲ್ಲಿಯೂ ಬಡವರ ಮಕ್ಕಳೇ.

ಇನ್ನುಳಿದ ಬಗೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಇವು ಮರದ ಹಾಳೆ ಅಥವಾ ಪುಡಿಯನ್ನು ಫಾರ್ಮಾಲ್ಡಿಹೈಡಿನ ಅಂಟಿನಿಂದ ಬೆಸೆದವು. ಅವನ್ನು ಸುಟ್ಟಾಗ ಕಣ್ಣು ಗಂಟಲುಗಳನ್ನು ಉರಿಸುವ ಅನಿಲಗಳು ಹೊರಡುತ್ತವೆ. ಇವುಗಳಲ್ಲಿ ಐಎಸ್ 710ರ ಗುರುತುಳ್ಳ ಮೆರೈನ್ ಪ್ಲೈವುಡ್ಡಿಗೆ ರಕ್ಷಕಲವಣಗಳ ಸಂಸ್ಕಾರವೂ ಆಗಿರುತ್ತದೆ. ಅಂಚಿಗೆ ಹಚ್ಚಿದ ಪಿವಿಸಿ ಪಟ್ಟಿ ಉರಿದರೆ ಹೈಡ್ರೊಕ್ಲೋರಿಕ್ ಆಮ್ಲದ ಆವಿಯೂ, ಅತ್ಯಲ್ಪ ಪ್ರಮಾಣದಲ್ಲಿಯೇ ಕೇಡು ಮಾಡಬಲ್ಲ ಡಯಾಕ್ಸಿನ್ನುಗಳೂ ಹುಟ್ಟುತ್ತವೆ. ಗಾರೆಕೆಲಸದ ಸೆಂಟ್ರಿಂಗ್ ಹಲಗೆಗಳು ಎಣ್ಣೆಯನ್ನು ಕುಡಿದಿರುತ್ತವೆ. ರೈಲುಹಳಿಯ ಹಳೆಯ ಸ್ಲೀಪರುಗಳು ಕ್ರಿಯೋಸೋಟ್ ಎಂಬ ಡಾಂಬರಿನ ತೈಲದಲ್ಲಿ ನೆನೆದವು. ಅದರ ಹೊಗೆ ಕ್ಯಾನ್ಸರಿಗೆ ಕಾರಣವಾಗಬಲ್ಲುದು. ಪೀಣ್ಯದ ಕಾರ್ಖಾನೆಗಳ ಕಡೆಯಿಂದ ಬರುವ ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್ಟುಗಳು ಹೊರದೇಶದ ವ್ಯಾಪಾರಕ್ಕೆ ಒಳಪಟ್ಟಿದ್ದರೆ ಅವುಗಳ ಮೇಲೆ ಮುದ್ರೆಯೊಂದಿರುತ್ತದೆ: ‘ಎಚ್‌ಟಿ’ ಎಂದಿದ್ದರೆ ಮರದ ತಿರುಳನ್ನು 56 ಡಿಗ್ರಿ ಶಾಖದಲ್ಲಿ ಅರ್ಧಗಂಟೆ ಇರಿಸಿದ್ದೆಂದೂ, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಕೊಟ್ಟದ್ದೆಂದೂ ತಿಳಿಯಬೇಕು. ಎಂಬಿ ಮುದ್ರೆಯದನ್ನು ಒಲೆಯಿಂದ ದೂರವಿಡುವುದು ಕ್ಷೇಮ. ಎಚ್‌ಟಿ ಮುದ್ರೆಯದಾದರೂ ಬಣ್ಣವಿಲ್ಲದೆ, ಎಣ್ಣೆ ರಸಾಯನಗಳ ಕಲೆಯಿಲ್ಲದೆ ಇದ್ದರೆ ಮಾತ್ರ ಸೌದೆಗೆ ಸಮ.

ಈ ಎಲ್ಲ ಹೊಗೆಗಿಂತಲೂ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಭಯಪಡಬೇಕಾದುದು ಬೂದಿಗೆ. ಎಷ್ಟೋ ಕಡೆ ಬೂದಿಯನ್ನು ಎಸೆದುಬಿಡುತ್ತಾರೆ. ನಮ್ಮಲ್ಲಿ ಅದು ಗೃಹಕೃತ್ಯದ ಒಂದು ಸಾಮಗ್ರಿ. ಬೂದಿಯಲ್ಲಿರುವ ಕ್ಷಾರವು ಜಿಡ್ಡನ್ನು ಬಿಡಿಸುವುದರಿಂದ ಅದರಲ್ಲಿ ಪಾತ್ರೆ ತಿಕ್ಕುವರು; ಕೆಲವರು ಹಲ್ಲು ಉಜ್ಜುವರು; ಬಿತ್ತನೆಯ ಕಾಳಿಗೆ ಹುಳು ಹತ್ತದಿರಲೆಂದು ಬೆರೆಸುವರು; ಹಿತ್ತಿಲ ಕರಿಬೇವಿಗೂ ದೊಡ್ಡಪತ್ರೆಗೂ ಬುಡಕ್ಕೆ ಚೆಲ್ಲುವರು. ಒಳ್ಳೆಯ ಸೌದೆಯ ಬೂದಿಗೆ ಇವೆಲ್ಲ ಯುಕ್ತವಾದ ಉಪಯೋಗಗಳೇ. ಆದರೆ ನೂರು ಪಾಲು ಮರ ಒಂದು ಪಾಲು ಬೂದಿಯಾಗುವಾಗ, ಆ ಮರದಲ್ಲಿದ್ದ ಲೋಹವಿಷದಲ್ಲಿ ಹೊಗೆಯನ್ನೇರದೆ ಉಳಿದದ್ದೆಲ್ಲವೂ ಆ ಒಂದು ಪಾಲಿನೊಳಗೆ ಸಾಂದ್ರವಾಗುತ್ತದೆಂಬುದನ್ನು ನೆನೆದರೆ, ಬಣ್ಣದ ಕಿಟಕಿಯನ್ನು ಸುಟ್ಟ ಬೂದಿಯಿಂದ ಅನ್ನದ ಪಾತ್ರೆಯನ್ನು ಬೆಳಗುವುದೆಂದರೇನೆಂಬುದು ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಒಂದು ದಿನದ ಹೊಗೆ ಗಾಳಿಯಲ್ಲಿ ಚದುರೀತು. ಹಿತ್ತಿಲಿಗೆ ಚೆಲ್ಲಿದ ಸೀಸವೂ ಆರ್ಸೆನಿಕ್ಕೂ ಆ ಮಣ್ಣಿನಲ್ಲಿ ತಲೆಮಾರುಗಳವರೆಗೆ ಉಳಿಯುತ್ತವೆ.

ಹೀಗೆಂದರೆ ಕೆಲವು ಮರುಪ್ರಶ್ನೆಗಳು ಎದುರಾಗುವುವು. ಬಿಸಿಲಿಗೆ ಹಾಕಿದರೆ ವಿಷ ಹೋಗದೆ? ಒಣಗಿಸುವುದರಿಂದ ನೀರು ಹೋಗುತ್ತದೆ, ಲೋಹ ಹೋಗದು. ಬಣ್ಣವನ್ನು ಹೆರೆದು ಉರಿಸಿದರೆ? ಹೆರೆದಾಗ ಏಳುವ ಧೂಳೇ ಸೀಸದ ಧೂಳು. ಮರದ ಎಳೆಗಳೊಳಗೆ ಇಳಿದ ಔಷಧವನ್ನಂತೂ ಹೆರೆಯಲಾಗದು. ಒಳ್ಳೆಯ ಒಲೆಯಾದರೆ? ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಆಸ್ತ್ರ’ ವಿಭಾಗವು, ಕಡಮೆ ಸೌದೆಯಲ್ಲಿ ಹೆಚ್ಚು ಶಾಖ ಕೊಟ್ಟು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹುವ ಆಸ್ತ್ರ ಒಲೆಯನ್ನು ರೂಪಿಸಿ ಎಷ್ಟೋ ಹಳ್ಳಿಯ ಹೆಂಗಸರ ಕಣ್ಣೀರನ್ನು ತಪ್ಪಿಸಿತು. ಆದರೆ ಎಂಥ ಉತ್ತಮವಾದ ಒಲೆಯೂ ತನಗೆ ಕೊಟ್ಟ ಮರದ ಗುಣವನ್ನು ಬದಲಿಸಲಾರದು. ಗೋಡೆಗೆ ಗೋಡೆ ತಾಗಿದ ಶಂಕರಪುರದಂಥ ಬಡಾವಣೆಯಲ್ಲಿ ನಮ್ಮ ಕೊಳವೆಯಿಂದ ಹೊರಟ ಹೊಗೆ ನೆರೆಯವರ ಕಿಟಕಿಯನ್ನು ಸೇರುತ್ತದೆ.

ಹಾಗಾದರೆ ಮಾಡತಕ್ಕುದೇನು? ಬಣ್ಣ, ವಾರ್ನಿಷ್, ಪದರಪದರವಾದ ಅಂಚು, ರಕ್ಷಕದ್ರವದ ಹಸುರು ಛಾಯೆ, ಡಾಂಬರಿನ ವಾಸನೆ ಇವುಗಳಲ್ಲಿ ಯಾವುದಿದ್ದರೂ ಆ ಮರ ಒಲೆಗೆ ಸಲ್ಲದು. ಹಸುರು ಛಾಯೆ ಕಾಲಕ್ರಮದಲ್ಲಿ ಮಾಸುವುದರಿಂದ, ಯಾವ ಗುರುತೂ ಕಾಣದ, ಆದರೆ ಪೂರ್ವೋತ್ತರ ತಿಳಿಯದ ಕಟ್ಟಡದ ಮರವೂ ಸಲ್ಲದು. ಗಟ್ಟಿಯಾದ ಹಳೆಯ ಮರವನ್ನು ಮರುಬಳಕೆಗೆ ಕೊಡುವುದೇ ಉತ್ತಮ. ತೇಗವಾಗಲಿ ಹೊನ್ನೆಯಾಗಲಿ ಇನ್ನೊಂದು ತಲೆಮಾರಿಗೆ ಬಾಗಿಲಾಗಿ ನಿಲ್ಲಬಲ್ಲುದು. ಹಂಡೆಯ ಒಲೆಯನ್ನು ಬಿಡಲೊಲ್ಲದವರಿಗೆ ಸರ್ವೆಯ ಸೌದೆಯಿದೆ, ತೆಂಗಿನ ಕರಟ, ಮಟ್ಟೆಗಳಿವೆ. ಬಿಡಬಲ್ಲವರಿಗೆ ಬಿಸಿಲಿನಿಂದ ನೀರು ಕಾಯಿಸುವ ಸಾಧನ ಈ ನಗರದ ತಾರಸಿಗಳ ಮೇಲೆ ಸಾಮಾನ್ಯವಾಗಿಯೇ ಇದೆ. ಬಯಲಿನಲ್ಲಿ ಕಸ ಸುಡುವುದಂತೂ ನಿಷಿದ್ಧ: ಬೆಂಗಳೂರಿನ ಅಲ್ಮಿತ್ರಾ ಪಟೇಲರು ಹೂಡಿದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲಿ, ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ಪರಿಹಾರ ತೆರಬೇಕೆಂದು ವಿಧಿಸಿತು.

ಆದರೆ ದಂಡದ ಭಯಕ್ಕಿಂತ ಮಿಗಿಲಾದ ಹೊಣೆಯೊಂದು ಮನೆ ಕಟ್ಟಿಸುವವರ ಮೇಲಿದೆ. ತನ್ನ ಊರನ್ನು ಬಿಟ್ಟು ಬಂದು ನಮ್ಮ ಗೋಡೆಯನ್ನು ಎತ್ತುವ ಕೂಲಿಯವನು ನಮ್ಮ ಹಳೆಯ ಕಿಟಕಿಯನ್ನು ಸುಟ್ಟು ಮುದ್ದೆ ಬೇಯಿಸುವುದು ತಿಳಿಯದೆಯೂ ಹೌದು, ಗತಿಯಿಲ್ಲದೆಯೂ ಹೌದು. ಕೋಟಿಗಟ್ಟಲೆ ವೆಚ್ಚದ ಕಟ್ಟಡದ ಲೆಕ್ಕದಲ್ಲಿ ಆತನ ಕುಟುಂಬಕ್ಕೆ ಒಂದು ಗ್ಯಾಸ್ ಒಲೆಯ ವೆಚ್ಚ ಲೆಕ್ಕಕ್ಕೇ ಬಾರದಷ್ಟು ಅಲ್ಪ. ಮಾಲೀಕರೇ ಆಗಲಿ ಕಂಟ್ರಾಕ್ಟರರೇ ಆಗಲಿ ಕೆಲಸದ ಮೊದಲ ದಿನವೇ ಅದನ್ನು ಒದಗಿಸಲಿ. ಒಡಕು ಮರವನ್ನು ಅಂಗಳದಲ್ಲಿ ರಾಶಿಹಾಕದೆ ಸಾಗಿಸಲಿ. ಓದುಗರೆಲ್ಲರೂ ಒಂದು ಸರಳವಾದ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು: ಯಾವ ಮರದ ಬೂದಿಯಿಂದ ನಿಮ್ಮ ಮಗುವಿನ ಹಾಲಿನ ಲೋಟವನ್ನು ಬೆಳಗಲು ನಿಮಗೆ ಧೈರ್ಯವಿಲ್ಲವೋ, ಆ ಮರವನ್ನು ನಿಮ್ಮ ಒಲೆಗೂ ಹಾಕಬೇಡಿ, ಇತರರ ಒಲೆಗೂ ಕೊಡಬೇಡಿ.