ಚೋಕ್ ಇಲ್ಲದ ಬೈಕು: ಮನೆಯವರಿಗೂ ತಿಳಿದಿರಲಿ

ಚಳಿಗಾಲದ ಬೆಳಿಗ್ಗೆ ಬನ್ನೂರಿನ ಗದ್ದೆಬಯಲಿನ ಮೇಲೆ ಮಂಜು ಕವಿದಿರುವಾಗ ಹಳೆಯ ಬೈಕುಗಳು ಸ್ಟಾರ್ಟ್ ಆಗಲು ಸತಾಯಿಸುತ್ತವೆ. ಚೋಕ್ ಎಳೆದು, ಹತ್ತಾರು ಕಿಕ್ ಹೊಡೆಯಬೇಕು. ಆದರೆ ಅಷ್ಟೇ ಹಳೆಯ ಕೆಲವು ಬೈಕುಗಳು ಗುಂಡಿ ಒತ್ತಿದ ಕೂಡಲೇ ಹೊರಡುತ್ತವೆ. ಅವುಗಳಲ್ಲಿ ಚೋಕ್ ಇಲ್ಲ, ಕಾರ್ಬುರೇಟರೂ ಇಲ್ಲ. ಅವು ಫ್ಯುಯಲ್ ಇಂಜೆಕ್ಷನ್ ಬೈಕುಗಳು.

ಇದು ಗಂಡಸರ ವಿಷಯವೆಂದು ಪುಟ ತಿರುವಬೇಡಿ. ಇಂಥ ಹಳೆಯ ಬೈಕುಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಕೊಳ್ಳುವ ಹಣ, ಆಮೇಲಿನ ರಿಪೇರಿಯ ಹಣ, ಎರಡೂ ನಿಮ್ಮ ಮನೆಖರ್ಚಿನಿಂದಲೇ ಹೋಗಬೇಕು.

ಅಂದಾಜಿನ ಕಾಲ

ಮೈಸೂರಿನ ಕಾರ್ಖಾನೆಯಲ್ಲಿ 1960ರ ದಶಕದಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ನಮ್ಮ ಹಿರಿಯರು ಮರೆತಿಲ್ಲ. ಅವುಗಳಲ್ಲಿದ್ದುದು ಕಾರ್ಬುರೇಟರ್. ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಸಣ್ಣ ರಂಧ್ರದಿಂದ ಪೆಟ್ರೋಲನ್ನೂ ಎಳೆದು ತರುತ್ತಿತ್ತು. ಕಣ್ಣಳತೆಯಲ್ಲಿ ಉಪ್ಪು ಹಾಕಿದಂತೆ ಅದು. ಕೈ ಪಳಗಿದ್ದರೆ ರುಚಿ ಸರಿ, ಚಳಿ ಹೆಚ್ಚಾದರೆ ಲೆಕ್ಕ ತಪ್ಪುತ್ತಿತ್ತು.

ಪೆಟ್ರೋಲು ಪೂರ್ತಿಯಾಗಿ ಉರಿಯಲು ಒಂದು ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಅಳತೆಯನ್ನು ಕಂಪ್ಯೂಟರಿಗೆ ಒಪ್ಪಿಸಿದ್ದೇ ಹೊಸ ವಿಧಾನ. 1980ರಲ್ಲಿ ಜಪಾನಿನ ಕವಾಸಾಕಿ ತನ್ನ ಸಾವಿರ ಸಿ.ಸಿ. ಬೈಕಿನಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ತಂದಿತು. 1982ರಲ್ಲಿ ಹೋಂಡಾ ತನ್ನ ಸಿಎಕ್ಸ್ 500 ಟರ್ಬೋದಲ್ಲಿ ಅದನ್ನು ಅಳವಡಿಸಿತು. ಭಾರತದಲ್ಲಿ ಅದನ್ನು ಮೊದಲು ಕಂಡದ್ದು 2006ರ ಹೀರೋ ಹೋಂಡಾ ಗ್ಲಾಮರ್ ಎಫ್‌ಐನಲ್ಲಿ. 2007ರಲ್ಲಿ ಪಲ್ಸರ್ 220, 2008ರಲ್ಲಿ ಯಮಾಹಾ ಆರ್15 ಬಂದವು. ಆದರೆ ಇದು ದುಬಾರಿ ವ್ಯವಸ್ಥೆ. ಪಲ್ಸರ್ 220 ಎರಡೇ ವರ್ಷದಲ್ಲಿ, 2009ರಲ್ಲಿ, ಮತ್ತೆ ಕಾರ್ಬುರೇಟರಿಗೆ ಮರಳಿತು! ಹೊಗೆಯ ಕುರಿತ ಬಿಎಸ್6 ನಿಯಮ 2020ರ ಏಪ್ರಿಲ್ 1ರಂದು ಜಾರಿಯಾದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಬಹುತೇಕ ಎಲ್ಲವೂ ಇಂಜೆಕ್ಷನ್‌ಗೆ ಬಂದವು. ಸ್ಕೂಟರ್‌ಗಳೂ ಇದರಲ್ಲಿ ಸೇರಿವೆ.

ಕೆಲಸ ಹೇಗೆ?

ಟ್ಯಾಂಕಿನೊಳಗಿನ ಪುಟ್ಟ ಪಂಪು ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ದೂಡುತ್ತದೆ. ಇದು ನಿಮ್ಮ ಅಡುಗೆಮನೆಯ ಕುಕ್ಕರಿನ ಒತ್ತಡಕ್ಕಿಂತ ಸುಮಾರು ಮೂರು ಪಟ್ಟು. ಆ ಪೆಟ್ರೋಲು ಇಂಜೆಕ್ಟರ್ ಎಂಬ ವಿದ್ಯುತ್ ನಲ್ಲಿಯ ಬಾಗಿಲಲ್ಲಿ ಕಾದಿರುತ್ತದೆ. ಎಂಜಿನ್ನಿನ ಬಿಸಿ ಎಷ್ಟು, ಒಳಬರುವ ಗಾಳಿಯ ಒತ್ತಡ ಎಷ್ಟು, ಎಕ್ಸಲರೇಟರ್ ಎಷ್ಟು ತಿರುಗಿದೆ ಎಂಬುದನ್ನು ಸೆನ್ಸರ್‌ಗಳು ತಿಳಿಸುತ್ತಲೇ ಇರುತ್ತವೆ. ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಅದನ್ನೆಲ್ಲ ಲೆಕ್ಕಹಾಕಿ ನಲ್ಲಿಯನ್ನು ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ಹೊತ್ತು ತೆರೆಯುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಇದು ಸೆಕೆಂಡಿಗೆ 50 ಬಾರಿ ನಡೆಯುತ್ತದೆ. ಎಂಜಿನ್ ತಣ್ಣಗಿದ್ದರೆ ನಲ್ಲಿ ತುಸು ಹೆಚ್ಚು ಹೊತ್ತು ತೆರೆದಿರುತ್ತದೆ. ಹಾಗಾಗಿಯೇ ಚೋಕ್ ಬೇಡ.

ನೀವು ಗಮನಿಸಬೇಕಾದ್ದು

ಟ್ಯಾಂಕ್ ಬರಿದಾಗಲು ಬಿಡಬೇಡಿ. ಪಂಪನ್ನು ತಣ್ಣಗಿಡುವುದೇ ಸುತ್ತಲಿನ ಪೆಟ್ರೋಲು. ಬನ್ನೂರಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರ್ ದಿನವೂ ಓಡುವ ಗಾಡಿಯಲ್ಲಿ "ನಾಳೆ ಹಾಕಿಸಿದರಾಯಿತು" ಎನ್ನುವ ಅಭ್ಯಾಸ ದುಬಾರಿಯಾದೀತು.

ಬ್ಯಾಟರಿ ಪೂರ್ತಿ ಸೋತರೆ ಪಂಪೂ ಕಂಪ್ಯೂಟರೂ ಸುಮ್ಮನಾಗುತ್ತವೆ. ಅಂಥ ಹಲವು ಗಾಡಿಗಳಲ್ಲಿ ಕಿಕ್ ಹೊಡೆದರೂ ಫಲವಿಲ್ಲ. ಮನೆಯವರು ಗಲ್ಫ್‌ಗೆ ಹೋಗಿ ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಮೊದಲು ಬ್ಯಾಟರಿ ನೋಡಿಸಿ. ಹಳಸಿದ ಪೆಟ್ರೋಲು ಇಂಜೆಕ್ಟರಿನ ಸೂಕ್ಷ್ಮ ರಂಧ್ರಗಳನ್ನು ಕಟ್ಟಿಬಿಡಬಹುದು.

ಕೊಳ್ಳುವ ಮುನ್ನ ಕೀಲಿ ತಿರುಗಿಸಿ. ಮೀಟರಿನಲ್ಲಿ ಎಂಜಿನ್ ಚಿತ್ರದ ದೀಪ ಹೊತ್ತಿಕೊಂಡು ಆರಬೇಕು, ಟ್ಯಾಂಕಿನಿಂದ ಒಂದೆರಡು ಸೆಕೆಂಡು ಪಂಪಿನ ಸದ್ದು ಕೇಳಬೇಕು. ದೀಪ ಹೊತ್ತಲೇ ಇಲ್ಲವೆಂದರೆ ಯಾರೋ ಬಲ್ಬು ತೆಗೆದಿರಬಹುದು! ಆರದೆ ಮಿನುಗುತ್ತಿದ್ದರೆ ಅದು ದೋಷದ ಮಾತು. ಹೋಂಡಾ ವ್ಯವಸ್ಥೆಯಲ್ಲಿ ಉದ್ದ ಮಿನುಗು ಒಂದಕ್ಕೆ ಹತ್ತು, ಗಿಡ್ಡ ಮಿನುಗು ಒಂದಕ್ಕೆ ಒಂದು. ಎಣಿಸಿ ಬರೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ತಿಳಿಸಿ.

ಈ ಬೈಕಿಗೂ ಯಾರಾದರೂ "ಕಾರ್ಬುರೇಟರ್ ಕ್ಲೀನಿಂಗ್" ಎಂದು ಬಿಲ್ಲಿನಲ್ಲಿ ಬರೆದರೆ ಹಣ ಕೊಡುವ ಮುನ್ನ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ಈ ಗಾಡಿಯಲ್ಲಿ ಅದು ಎಲ್ಲಿದೆ, ಸ್ವಲ್ಪ ತೋರಿಸ್ತೀರಾ?"